ಬಾಯಿ ಮುಚ್ಚಿದ ಸಾಲು

ಎರಡನೆಯ ಚರಣದ ನಡುವಿನ ಸಾಲಿಗೆ ಬರುವಷ್ಟರಲ್ಲಿ ತುಟಿ ಹಿಂದೆ ಬಿದ್ದಿತು.

ಟೆಲಿವಿಷನ್ ನಿಲಯದಲ್ಲಿ ಫಿಲ್ಮು ಕತ್ತರಿಸಿ ಜೋಡಿಸುವ ಕತ್ತರಿಯಮ್ಮ ಸಂಕಲನದ ಮೇಜಿನ ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿ, ಮತ್ತೆ ಮುಂದಕ್ಕೆ ಬಿಟ್ಟಳು. ಎಡಗಡೆಯ ತಟ್ಟೆಯಿಂದ ಚಿತ್ರದ ಸುರುಳಿ, ಬಲಗಡೆಯ ತಟ್ಟೆಯಿಂದ ಧ್ವನಿಯ ಪಟ್ಟಿ. ನಡುವಿನ ಅಂಗೈಯಗಲದ ಗಾಜಿನ ಬಳಿ ಎರಡೂ ಜತೆಗೂಡಿ ಹರಿಯತೊಡಗಿದವು. ಗಾಜಿನ ಮೇಲೆ, ಬಿಳಿಯ ಗೋಡೆಗೆ ಬೆನ್ನು ಕೊಟ್ಟು ನಿಂತ ವೃದ್ಧರೊಬ್ಬರು ಹಾಡುತ್ತಿದ್ದರು. ಮೊದಲ ಚರಣದಲ್ಲಿ ಸ್ವರಕ್ಕೂ ತುಟಿಗೂ ಕೂದಲೆಳೆಯ ಸಂದು ಇರಲಿಲ್ಲ. ‘ಆಚೆ ದಡದವಳೆ, ದೀಪ ಆರಿಸಬೇಡ’ ಎಂಬ ಪಲ್ಲವಿಯೂ ನೆಟ್ಟಗೆ ಮರಳಿ ಬಂದಿತು. ಅದಾದ ಮೇಲೆ ಒಂದೇ ಒಂದು ಸಾಲಿನೊಳಗೆ ಬಾಯಿ ಹಾಡಿನ ಕೈಬಿಟ್ಟಿತು. ಮಾತು ಹುಟ್ಟಿದ ಮೇಲೆ ಬಾಯಿ ತೆರೆಯುತ್ತಿತ್ತು. ಮಾತು ಮುಗಿದ ಮೇಲೂ ತುಟಿ ಅಲುಗುತ್ತಿತ್ತು. ಹಾಡು ಮುಗಿಯುವವರೆಗೂ ಅದೇ ಅಂತರ. ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ.

“ನಿಲ್ಸು, ನೋಡೋಕಾಗಲ್ಲ,” ಎಂದ ಅವಳ ಬೆನ್ನ ಹಿಂದೆ ನಿಂತಿದ್ದ ಛಾಯಾಗ್ರಾಹಕ. ಅವನು ಅವಳ ತಾಯಿಯ ತಮ್ಮ. ಗಾಜಿನ ಮೇಲಿದ್ದ ವೃದ್ಧರು ಅವನಿಗೆ ಭಾವ, ಅವಳಿಗೆ ತಂದೆ. “ನಮ್ಮ ಭಾವ ಹಾಡ್ತಿಲ್ಲ ಪುಟ್ಟಿ, ಯಾರೋ ಹಾಡಿದ್ದನ್ನ ಅಗೀತಿದ್ದಾರೆ ಅನ್ನಿಸುತ್ತೆ.”

“ನಗೋ ಹೊತ್ತಲ್ಲ ಮಾವ.”

“ನಗ್ತಿಲ್ಲಮ್ಮ. ಅಳೋಕೆ ಬರಲ್ಲ, ಅದಕ್ಕೆ.”

ಟೆಲಿವಿಷನ್ ಎಂಬುದು ಆ ಊರಿಗೆ ಇನ್ನೂ ಹೊಸತು. ವಾರಕ್ಕೊಂದು ಸಂಜೆ ಹಾಡಿನ ಕಾರ್ಯಕ್ರಮ. ಹಾಡುವವರು ಸ್ಟುಡಿಯೊಗೆ ಬಂದು, ಪರದೆಯ ಮುಂದೆ ನಿಂತು, ಒಂದೇ ಕ್ಯಾಮೆರಾವನ್ನು ದಿಟ್ಟಿಸಿ ಹಾಡಿ ಹೋಗುವುದು ಅಲ್ಲಿಯವರೆಗಿನ ರೂಢಿ. ಬರಲಾಗದವರ ಹಾಡನ್ನು ಫಿಲ್ಮಿನ ಮೇಲೆ ಹಿಡಿದು ತೋರಿಸುವ ಪದ್ಧತಿ ಆಗತಾನೆ ತಲೆಯೆತ್ತಿತ್ತು. ಅದಕ್ಕೂ ಹಿಂದೆ, ನಾಣ್ಯ ಹಾಕಿದರೆ ಒಂದು ಹಾಡಿನ ಚಿತ್ರ ತೋರಿಸುವ ದೊಡ್ಡ ಪೆಟ್ಟಿಗೆಗಳು ಹೋಟೆಲುಗಳ ಮೂಲೆಯಲ್ಲಿ ನಿಂತಿರುತ್ತಿದ್ದವು. ಆ ಪೆಟ್ಟಿಗೆಗಳಿಗೆಂದು ಚಿತ್ರ ತೆಗೆದೇ ಮಾವ ಕಸುಬು ಕಲಿತದ್ದು. ಮೊದಲು ಹಾಡು, ಆಮೇಲೆ ಮುಖ. ಇದು ಆ ಕಸುಬಿನ ಮೂಲಮಂತ್ರ. ಧ್ವನಿಮುದ್ರಣ ಎಂದೋ ಮುಗಿದಿರುತ್ತದೆ. ರೆಕಾರ್ಡನ್ನು ಹಾಕಿ, ಅದಕ್ಕೆ ಸರಿಯಾಗಿ ಬಾಯಿ ಆಡಿಸುವವರನ್ನು ಕ್ಯಾಮೆರಾದ ಮುಂದೆ ನಿಲ್ಲಿಸುತ್ತಾರೆ. ಆ ಬಾಯಿ ಹಾಡಿದವರದ್ದೇ ಆಗಿರಬೇಕೆಂಬ ಕಟ್ಟಳೆಯೇನೂ ಇರಲಿಲ್ಲ. ಆದರೆ ಒಂದು ಕಟ್ಟಳೆ ಮಾತ್ರ ನಿಲಯದ ಗೋಡೆಯ ಮೇಲೆ ಬರೆಯದಿದ್ದರೂ ಎಲ್ಲರ ತಲೆಯಲ್ಲಿ ಅಚ್ಚೊತ್ತಿತ್ತು: ಹಾಡು ಕೇಳಿಸುವಷ್ಟು ಹೊತ್ತೂ ಹಾಡುವ ಬಾಯಿ ಕಾಣಬೇಕು.

ಕತ್ತರಿಯಮ್ಮನ ತಂದೆಯ ಧ್ವನಿಯನ್ನು ರೇಡಿಯೊದಲ್ಲಿ ಕೇಳದ ಮನೆ ಇರಲಿಲ್ಲ. ಅವರ ಮುಖವನ್ನು ಕಂಡವರು ಬೆರಳೆಣಿಕೆಯಷ್ಟು ಜನ. ಈ ಹಾಡು ಅವರು ಕೊನೆಯದಾಗಿ ಮುದ್ರಿಸಿದ್ದು. ಅದಾದ ಕೆಲವೇ ವಾರಗಳಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಾಯಿತು. ಆಸ್ಪತ್ರೆಯಿಂದ ಅವರು ಮನೆಗೆ ತಂದದ್ದು ಒಣಗಿದ ಎಲೆ ನೆಲಕ್ಕೆ ಉಜ್ಜಿದಂತಹ ಪಿಸುದನಿಯನ್ನು ಮಾತ್ರ. ಮನೆಯವರು, ಒಬ್ಬ ಹಳೆಯ ಗೆಳೆಯ, ಮತ್ತು ಮಾತು ಹೊರಗೆ ಹೋಗಕೂಡದೆಂಬ ಒಪ್ಪಂದದ ಮೇಲೆ ನಿಲಯದ ಮುಖ್ಯಸ್ಥ. ಇವರನ್ನು ಬಿಟ್ಟರೆ ಈ ಸಂಗತಿ ಯಾರಿಗೂ ತಿಳಿಯದು. ಹೊರಗಿನವರ ಎದುರಿಗೆ ಅವರು ಬಾಯಿ ಬಿಡುತ್ತಿರಲಿಲ್ಲ. ಬೀದಿಯಲ್ಲಿ ನೆರೆಹೊರೆಯವರು ಮಾತನಾಡಿಸಿದರೆ ತಲೆದೂಗಿ ಮುಂದೆ ನಡೆದುಬಿಡುವರು. ಸೊಕ್ಕು ಬಂದಿದೆ ಎಂದು ಜನ ಆಡಿಕೊಂಡರು. ಸೊಕ್ಕೆಂದೇ ತಿಳಿಯಲಿ ಎಂದು ಅವರು ಸುಮ್ಮನಿದ್ದರು.

ಒಮ್ಮೆಯಾದರೂ ತಮ್ಮ ಧ್ವನಿಯೊಡನೆ ತಮ್ಮ ಮುಖ ಕಾಣಬೇಕು ಎಂಬುದೊಂದು ಆಸೆ ಅವರಲ್ಲಿ ಉಳಿದಿತ್ತು. ಆ ಸಂಜೆಯ ಕಾರ್ಯಕ್ರಮಕ್ಕೆ ಈ ಹಾಡು ನಿಗದಿಯಾಗಿತ್ತು. ಆದರೆ ಮುಖ್ಯಸ್ಥ ಮುಂದಾಲೋಚನೆಯ ಮನುಷ್ಯ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು, ಅದೇ ಹಾಡಿಗೆ ಬಾಯಿ ಆಡಿಸುವ ಒಬ್ಬ ತರುಣ ನಟನನ್ನೂ ಚಿತ್ರಿಸಿ ಇಟ್ಟುಕೊಂಡಿದ್ದ. ನಿಲಯದಲ್ಲಿ ಆ ನಟನಿಗೆ ಚೆಲುವ ಎಂದೇ ಹೆಸರು. ಚೆಲುವನ ಚಿತ್ರದಲ್ಲಿ ತುಟಿ ಒಂದು ಕೂದಲಷ್ಟೂ ತಪ್ಪಿರಲಿಲ್ಲ.

ಬಾಗಿಲು ತೆರೆದು ಒಳಬಂದವನು ಆ ಮುಖ್ಯಸ್ಥನೇ. ಗಾಜಿನ ಕಡೆಗೆ ಬಗ್ಗಿ, ಆ ಸಾಲನ್ನು ಒಮ್ಮೆ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡ.

“ಕತ್ತರಿಯಮ್ಮ, ನಾನೇನು ಕಟುಕ ಅಲ್ಲ.”

“ನಾನು ಹಾಗಂದಿಲ್ಲ ಸರ್.”

“ಇದನ್ನ ಹೀಗೇ ಹಾಕಿದ್ರೆ ನಗ್ತಾರೆ. ನನ್ನ ನೋಡಿ ನಗಲಿ, ಪರವಾಗಿಲ್ಲ. ನಿಮ್ಮ ತಂದೆಯವರನ್ನ ನೋಡಿ ನಗೋದು ನನಗೆ ಬೇಡ. ಸಂಜೆ ಆಗೋದ್ರೊಳಗೆ ಸರಿಹೋದ್ರೆ ಸರಿ. ಇಲ್ದಿದ್ರೆ ಚೆಲುವ.”

“ಇನ್ನೊಂದು ಸಲ ಚಿತ್ರೀಕರಣ ಮಾಡೋಕೆ—”

“ಸ್ಟುಡಿಯೊ ವಾರ್ತೆಯವರ ಕೈಲಿದೆ. ದೀಪ, ಕ್ಯಾಮೆರಾ, ಜನ, ಯಾವುದೂ ಇಲ್ಲ. ಇರೋದರಲ್ಲಿ ಮಾಡಿ.” ಬಾಗಿಲ ಬಳಿ ಅವನು ನಿಂತ. “ಹೇಗಾಯ್ತಮ್ಮ ಇದು? ಆವತ್ತು ನಾನೇ ಅಲ್ಲಿದ್ದೆ. ಎಲ್ಲಾ ಸರಿಯಾಗೇ ಕಾಣ್ತಿತ್ತಲ್ಲ.”

ಅದೇ ಪ್ರಶ್ನೆ ಅವಳನ್ನೂ ಕೊರೆಯುತ್ತಿತ್ತು. ಚಿತ್ರೀಕರಣದ ದಿನ ಅವಳೂ ಅಲ್ಲಿದ್ದಳು. ರೆಕಾರ್ಡು ಹಾಡುತ್ತಿತ್ತು, ಅಪ್ಪನ ತುಟಿ ಅದರ ಮೇಲೆಯೇ ಕುಳಿತಿತ್ತು. ಕಣ್ಣೆದುರಿಗೆ ಕೂಡಿದ್ದು ಈಗ ಮೇಜಿನ ಮೇಲೆ ಬೇರೆಯಾಗಬೇಕಾದರೆ ಒಂದೇ ಕಾರಣ ಇರಬಹುದು: ಅಂದು ಸ್ಟುಡಿಯೊದಲ್ಲಿ ರೆಕಾರ್ಡೇ ಆ ಒಂದು ಸಾಲಿನಲ್ಲಿ ನಿಧಾನವಾಗಿ ತಿರುಗಿರಬೇಕು; ಮೇಜಿನ ಮೇಲಿನ ಧ್ವನಿಯ ಪಟ್ಟಿ ಮೂಲ ಮುದ್ರಣದ್ದು, ಅದು ಯಾರಿಗೂ ನಿಧಾನಿಸಿಲ್ಲ.

“ಮಾವ, ತಾಳಣ್ಣನ್ನ ಕರೀರಿ,” ಎಂದಳು.

ತಾಳಣ್ಣ ರೆಕಾರ್ಡು ತಿರುಗಿಸುವ ಕೆಲಸದವನು; ಗುಟ್ಟು ಬಲ್ಲ ಆ ಹಳೆಯ ಗೆಳೆಯ ಇವನೇ. ಆ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಅದಕ್ಕೆ ಹಿಂದೆ ಒಂದು ಆಯುಷ್ಯವನ್ನೇ ಅವನು ಕತ್ತರಿಯಮ್ಮನ ತಂದೆಯ ಪಕ್ಕದಲ್ಲಿ ಡ್ರಮ್ಮು ನುಡಿಸುತ್ತ ಕಳೆದಿದ್ದ. ಹಾಡು ನಿಂತ ಮೇಲೆ ಡ್ರಮ್ಮಿಗೆ ಗವಸು ಹಾಕಿ ನಿಲಯಕ್ಕೆ ಸೇರಿಕೊಂಡ. ಒಳಗೆ ಬಂದವನು ಗಾಜಿನ ಮೇಲೆ ನಿಶ್ಚಲವಾಗಿ ನಿಂತಿದ್ದ ಚಿತ್ರವನ್ನು ನೋಡಿದ. ಯಾವ ಸಾಲೆಂದು ಯಾರೂ ಹೇಳುವ ಅಗತ್ಯ ಬೀಳಲಿಲ್ಲ.

“ಸಿಕ್ಕಿಹಾಕಿಕೊಂಡ್ನಾ ನಾನು?” ಎಂದ ಮೆಲ್ಲಗೆ.

“ಏನು ಮಾಡಿದ್ರಿ ತಾಳಣ್ಣ?”

“ಅಣ್ಣಾವ್ರು ಆ ಸಾಲಲ್ಲಿ ಹಿಂದೆ ಬಿದ್ರು ಕಣಮ್ಮ. ಉಸಿರಿಗೋ ನೆನಪಿಗೋ, ಏನೋ ಒಂದು ತಡವರಿಸಿತು. ನನ್ನ ಕೈ ತಟ್ಟೆ ಪಕ್ಕದಲ್ಲೇ ಇತ್ತು.” ಅವನು ತನ್ನ ಹೆಬ್ಬೆರಳನ್ನು ಬೇರೆ ಯಾರದ್ದೋ ಎಂಬಂತೆ ನೋಡಿಕೊಂಡ. “ಅಂಚಿಗೆ ಹಾಗೆ ತಾಗಿಸಿದೆ. ಒತ್ತಲಿಲ್ಲ. ಅವರು ಬಂದು ಸೇರಿಕೊಂಡ್ರು. ಬಿಟ್ಟೆ.”

ಮಾವ ತಲೆಯ ಮೇಲೆ ಕೈ ಹೊತ್ತುಕೊಂಡ. “ಅಯ್ಯೋ ಮಾರಾಯ, ರೆಕಾರ್ಡು ಯಾರಿಗಾದ್ರೂ ಕಾಯುತ್ತಾ?”

“ರೆಕಾರ್ಡು ಕಾಯಲ್ಲ ಸ್ವಾಮಿ. ನಾನು ಕಾಯ್ತೀನಿ. ಹಾಡೋರು ಮುಂದೆ, ನುಡಿಸೋನು ಹಿಂದೆ. ಅವರು ನಿಂತ್ರೆ ನಿಲ್ಲಬೇಕು, ಓಡಿದ್ರೆ ಓಡಬೇಕು. ಇಷ್ಟು ವರ್ಷ ಮಾಡಿದ್ದೇ ಅದು. ಕೈಗೆ ಬುದ್ಧಿ ಹೇಳೋಷ್ಟು ಹೊತ್ತು ಸಿಗಲಿಲ್ಲ.” ಅವನು ಕತ್ತರಿಯಮ್ಮನ ಕಡೆ ತಿರುಗಿದ. “ನನ್ನ ಕೆಲಸ ಹೋದ್ರೆ ಹೋಗಲಿ. ಅವರು ಹಿಂದೆ ಬಿದ್ರು ಅಂತ ಮಾತ್ರ ಅವರಿಗೆ ಹೇಳಬೇಡಿ. ತಮ್ಮ ಹಾಡಲ್ಲೇ ತಾವು ತಪ್ಪಿದ್ದು ಅಂತ ಗೊತ್ತಾದ್ರೆ ತಡ್ಕೊಳಲ್ಲ ಅವರು.”

ಹೇಳಲ್ಲ ಎಂಬಂತೆ ಕತ್ತರಿಯಮ್ಮ ತಲೆಯಾಡಿಸಿದಳು. ದೋಷದ ಮೂಲ ಸಿಕ್ಕಿತು. ಪರಿಹಾರವೂ ಅದರ ಬೆನ್ನಿಗೇ ಕಂಡಿತು. ಹಿಂದೆ ಬಿದ್ದ ಆ ಒಂದು ಸಾಲಿನ ಚಿತ್ರವನ್ನು ಕತ್ತರಿಸಿ ತೆಗೆದು, ಮುಂದಿನ ಭಾಗವನ್ನು ಸ್ವಲ್ಪ ಹಿಂದಕ್ಕೆಳೆದರೆ ಉಳಿದ ಹಾಡೆಲ್ಲ ತಾನಾಗಿಯೇ ತುಟಿಗೆ ಬಂದು ಕೂಡುತ್ತದೆ. ತೆಗೆದ ಜಾಗದಲ್ಲಿ ಒಂದು ಸಾಲಿನಷ್ಟು ಬೇರೆ ಚಿತ್ರ ಬೇಕು. ಆದರೆ ಆ ಕೋಣೆಯಲ್ಲಿ ದಿನವಿಡೀ ಫಿಲ್ಮು ಕತ್ತರಿಸುವುದನ್ನೇ ಅನ್ನದ ದಾರಿ ಮಾಡಿಕೊಂಡಿದ್ದ ಅವಳು, ಈ ಒಂದು ಫಿಲ್ಮಿಗೆ ಕತ್ತರಿ ತಾಗಿಸುವುದಿಲ್ಲವೆಂದು ಮಾತು ಕೊಟ್ಟಿದ್ದಳು.

ಆ ಮಾತು ಮನೆಯ ಮುಂಗೋಣೆಯಲ್ಲಿ ಕೊಟ್ಟದ್ದು. ಚಿತ್ರೀಕರಣಕ್ಕೆ ಮೊದಲು ಅಪ್ಪ ದಿನಾ ಮಧ್ಯಾಹ್ನ ರೆಕಾರ್ಡ್ ಪ್ಲೇಯರಿನ ಮುಂದೆ ಕುರ್ಚಿ ಎಳೆದುಕೊಂಡು ಕೂತು ಆ ಹಾಡನ್ನು ಬಾಯಿಪಾಠ ಮಾಡುತ್ತಿದ್ದರು. ಒಂದೇ ಸಾಲನ್ನು ಎರಡು ಸಲ ಒಂದೇ ಬಗೆಯಾಗಿ ಎಂದೂ ಹಾಡದಿದ್ದ ಮನುಷ್ಯ. ಒಮ್ಮೆ ಎಳೆದದ್ದನ್ನು ಇನ್ನೊಮ್ಮೆ ಮೊಟಕು ಮಾಡುವುದು, ಒಮ್ಮೆ ನಿಂತಲ್ಲಿ ಇನ್ನೊಮ್ಮೆ ನಿಲ್ಲದಿರುವುದು, ಅದೇ ಅವರ ಹೆಸರಿಗೆ ಕಾರಣವಾಗಿತ್ತು. ಅಂಥವರು ಈಗ ಒಂದು ವರ್ಷದ ಹಿಂದಿನ ತಮ್ಮನ್ನು ತಾವೇ ಅನುಕರಿಸಬೇಕಾಗಿ ಬಂದಿತ್ತು.

“ಇವನು ಇಲ್ಲಿ ಯಾಕೆ ಉಸಿರು ಎಳೆದ?” ಎಂದು ಪಿಸುಗುಟ್ಟಿ ಅವರು ಸೂಜಿಯನ್ನು ಎತ್ತುತ್ತಿದ್ದರು. “ನಾನಾಗಿದ್ರೆ ಎಳೀತಿರಲಿಲ್ಲ.”

“ಅವನು ನೀವೇ ಅಲ್ವೇನ್ರಿ,” ಎಂದು ಅಮ್ಮ ಒಳಗಿನಿಂದ ನಗುವಳು.

“ನಿನ್ನ ಹಳೇ ಗಂಡ. ಮಹಾ ಹಠಮಾರಿ. ಒಂದು ಸಾಲೂ ನಾನು ಅಂದ್ಕೊಂಡ ಹಾಗೆ ಹಾಡಿಲ್ಲ.”

“ನನಗೂ ಹಾಗೇ ಮಾಡ್ತಿದ್ದ. ಅನುಭವಿಸಿ.”

ಒಂದು ದಿನ ಅವರು ಮಗಳನ್ನು ಹತ್ತಿರಕ್ಕೆ ಕರೆದು ಹೇಳಿದರು: “ಮೊದಲಿಂದ ಕೊನೇವರೆಗೂ ಒಂದೇ ಉಸಿರಲ್ಲಿ ತೆಗೀಬೇಕು. ಮಧ್ಯೆ ತುಂಡು ಮಾಡಬಾರದು. ತುಂಡು ಮಾಡಿದ್ರೆ, ಮುದುಕನ ಕೈಲಿ ಆಗಲಿಲ್ಲ, ತೇಪೆ ಹಾಕಿದ್ದಾರೆ ಅಂತಾರೆ.” ಆಮೇಲೆ ಗಂಟಲಿನ ಗಾಯದ ಗೆರೆಯ ಕಡೆ ಬೆರಳು ತೋರಿಸಿದರು. “ನನ್ನನ್ನ ಒಂದು ಸಲ ಕತ್ತರಿಸಿದ್ದು ಸಾಕು.”

ಆಗಲಿ ಅಪ್ಪ ಎಂದಿದ್ದಳು. ಆ ಹೊತ್ತಿಗೆ ಅದು ಬಹು ಹಗುರಾದ ಮಾತಾಗಿ ಕಂಡಿತ್ತು.

ಈಗ ಅವರು ನಿಲಯದ ಕೆಳಗಿನ ಅಂತಸ್ತಿನಲ್ಲಿಯೇ ಇದ್ದರು. ಮನೆಯಲ್ಲಿ ಟೆಲಿವಿಷನ್ ಇರಲಿಲ್ಲವಾದ್ದರಿಂದ ಬಾಗಿಲ ಬಳಿಯ ಹಜಾರದಲ್ಲಿ ಇಟ್ಟಿದ್ದ ಪೆಟ್ಟಿಗೆಯಲ್ಲಿ ತಮ್ಮ ಹಾಡನ್ನು ನೋಡಲು ಮಧ್ಯಾಹ್ನವೇ ಬಂದು ಕೂತಿದ್ದರು. ಕತ್ತರಿಯಮ್ಮ ಮೆಟ್ಟಿಲಿಳಿದು ಅವರ ಪಕ್ಕದಲ್ಲಿ ಕೂತಳು. ಹಜಾರದ ಇನ್ನೊಂದು ತುದಿಯಲ್ಲಿ ಟೆಲಿಫೋನಿನ ಹೆಂಗಸು ಬೆನ್ನು ಹಾಕಿ ಕೂತು ಯಾರಿಗೋ ಸಂಪರ್ಕ ಕೊಡುತ್ತಿದ್ದಳು. ಅವಳಿಗೆ ಕೇಳಿಸದಷ್ಟು ಮೆಲ್ಲಗೆ ಇಬ್ಬರೂ ಮಾತಾಡಿದರು.

“ಅಪ್ಪ, ಒಂದು ಸಾಲಲ್ಲಿ ತುಟಿ ಕೂಡ್ತಿಲ್ಲ. ಯಂತ್ರದ ದೋಷ.”

“ಎರಡನೇ ಚರಣದಲ್ಲಿ.”

ಅವಳು ತಿರುಗಿ ಅವರನ್ನು ನೋಡಿದಳು.

“ಯಂತ್ರದ್ದಲ್ಲ,” ಎಂದರು ಅವರು. “ರೆಕಾರ್ಡಿನ ಸ್ವರ ಇಳೀತು. ಎಲ್ಲರಿಗೂ ಕೇಳಿಸೋಷ್ಟಲ್ಲ. ನನಗೆ ಕೇಳಿಸಿತು. ತಾಳಣ್ಣ ಬೆರಳಿಟ್ಟ.”

“ಗೊತ್ತಿದ್ದೂ ಯಾಕೆ ನಿಲ್ಲಿಸಲಿಲ್ಲ ನೀವು?”

“ನಾನು ಎಡವಿದೆ. ಅವನು ಕಾದ. ಕಾದು ನಿಂತವನನ್ನ ನಡುದಾರೀಲಿ ಬಿಟ್ಟು, ತಪ್ಪಾಯ್ತು ನಿಲ್ಸಿ ಅಂತ ಹೇಗೆ ಹೇಳೋದು? ಹೋಗಿ ಸೇರಿಕೊಂಡೆ. ಚಿತ್ರವೂ ನಮ್ಮ ಜತೇಲೇ ಬರುತ್ತೆ ಅಂದ್ಕೊಂಡೆ.”

“ಚಿತ್ರಕ್ಕೆ ಆ ಮರ್ಯಾದೆ ಗೊತ್ತಿಲ್ಲ ಅಪ್ಪ.” ಅವಳು ತಡೆದು ತಡೆದು ಮುಂದುವರಿದಳು. “ಆ ಸಾಲನ್ನ ತೆಗೀಬೇಕು. ತೆಗೆದು ಬೇರೇನಾದ್ರೂ ಕೂಡಿಸಬೇಕು.”

“ಬೇಡ.”

“ತೆಗೀದಿದ್ರೆ—”

“ತಪ್ಪಿದ್ದು ತಪ್ಪಿದ ಹಾಗೇ ಹೋಗಲಿ.”

“ತಪ್ಪು ಹೋಗಲ್ಲ ಅಪ್ಪ, ಚೆಲುವ ಹೋಗ್ತಾನೆ. ನಿಮ್ಮ ಗಂಟಲು, ಅವನ ಮುಖ. ಸಾಹೇಬ್ರು ಆಗಲೇ ಹೇಳಿಬಿಟ್ಟಿದ್ದಾರೆ.”

ಅವರು ಎದುರಿಗಿದ್ದ ಪೆಟ್ಟಿಗೆಯ ಖಾಲಿ ಗಾಜಿನ ಕಡೆ ನೋಡಿದರು. ಆ ಮುಖದಲ್ಲಿ ಒಪ್ಪಿಗೆ ಇದೆಯೋ ಎಂದು ಅವಳು ಹುಡುಕಿದಳು, ಸಿಕ್ಕಲಿಲ್ಲ.

“ನೀನು ಮಾತು ಕೊಟ್ಟಿದ್ದೀಯ,” ಎಂದರು ಕೊನೆಗೆ. ಧ್ವನಿ ಏರಲಿಲ್ಲ, ಏರಿಸಲು ಅವರಲ್ಲಿ ಧ್ವನಿಯೇ ಇರಲಿಲ್ಲ. ಅದರಿಂದಾಗಿ ಆ ಮಾತು ಅವಳಿಗೆ ಇನ್ನಷ್ಟು ನಾಟಿತು.

ಮೆಟ್ಟಿಲು ಹತ್ತುವಾಗ ಕತ್ತರಿಯಮ್ಮನಿಗೆ ಎರಡು ದಾರಿ ಕಂಡವು, ಎರಡೂ ಮುಳ್ಳಿನವೇ. ಮಾತು ಉಳಿಸಿದರೆ ಅಪ್ಪನ ಮುಖ ಹೋಗುತ್ತದೆ. ಮುಖ ಉಳಿಸಬೇಕಾದರೆ ಮಾತು ಮುರಿಯಬೇಕು. ಕೋಣೆಯ ಬಾಗಿಲು ತಲಪುವಷ್ಟರಲ್ಲಿ ಅವಳ ಮನಸ್ಸು ಗಟ್ಟಿಯಾಗಿತ್ತು. ಮಾತು ಮುರಿದವಳೆಂಬ ಹೆಸರನ್ನು ತಾನು ಹೊತ್ತುಕೊಳ್ಳಬಲ್ಲಳು. ಪರರ ಮುಖದಲ್ಲಿ ತಮ್ಮ ಧ್ವನಿಯನ್ನು ಅಪ್ಪ ಹಜಾರದಲ್ಲಿ ಕೂತು ನೋಡುವುದನ್ನು ಹೊರಲಾರಳು.

“ಮಾವ, ಆವತ್ತು ಬೇರೆ ಏನೇನು ತೆಗೆದಿದ್ದೀರಿ?”

“ಏನೂ ಇಲ್ಲವಲ್ಲೇ. ಒಂದೇ ಕ್ಯಾಮೆರಾ, ಒಂದೇ ಗೋಡೆ, ಒಬ್ಬರೇ ಭಾವ. ಗೋಡೇನ ಬೇಕಾದ್ರೆ ತೋರಿಸು.”

“ಗೋಡೆ ಹಾಡುತ್ತಾ?”

“ಹಾಗಾದ್ರೆ ಚೆಲುವನ್ನೇ ಆ ಸಾಲಿಗೆ ಅಂಟಿಸಿಬಿಡು. ಭಾವ ಅಷ್ಟು ಹೊತ್ತು ಹುಡುಗ ಆಗ್ತಾರೆ, ಅಕ್ಕ ಸಂತೋಷಪಡ್ತಾಳೆ.” ಅಷ್ಟರಲ್ಲಿ ಅವನ ಮುಖದ ನಗು ನಿಂತಿತು. “ತಡಿ. ಬಾಲ ಇದೆ.”

ಬಾಲವೆಂದರೆ ಸುರುಳಿಯ ಕೊನೆಯಲ್ಲಿ ಉಳಿದ ಫಿಲ್ಮು. ಉಳಿದದ್ದನ್ನು ಕ್ಯಾಮೆರಾದಲ್ಲಿಯೇ ಬಿಡದೆ, ಎದುರಿಗೆ ಏನಿದ್ದರೂ ಅದರ ಮೇಲೆ ಓಡಿಸಿ ಮುಗಿಸುವುದು ನಾಣ್ಯದ ಪೆಟ್ಟಿಗೆಯ ಕಾಲದಿಂದಲೂ ಮಾವನಿಗೆ ಅಂಟಿದ ಚಟ. ಅಂದು ಹಾಡು ಮುಗಿದ ಮೇಲೆ ರೆಕಾರ್ಡಿಗೆ ಗೀರು ಬಿದ್ದಿದೆಯೋ ಎಂದು ನೋಡಲು ಅದನ್ನು ಮತ್ತೊಮ್ಮೆ ಹಾಕಿದ್ದರು. ದೀಪ ಇನ್ನೂ ಉರಿಯುತ್ತಿತ್ತು. ಅಪ್ಪ ಗೋಡೆಯ ಮುಂದೆ ನಿಂತಲ್ಲೇ ನಿಂತಿದ್ದರು.

ಅವಳು ಬಾಲವನ್ನು ಮೇಜಿಗೆ ಏರಿಸಿದಳು. ಗಾಜಿನ ಮೇಲೆ ಅದೇ ಮುಖ ಮೂಡಿತು. ಮಾವ ಲೆನ್ಸನ್ನು ಹತ್ತಿರಕ್ಕೆ ತಂದಿದ್ದರಿಂದ ಮುಖ ಗಾಜನ್ನೆಲ್ಲ ತುಂಬಿತ್ತು. ಬಾಯಿ ಮುಚ್ಚಿತ್ತು. ಅವರು ಕೇಳುತ್ತಿದ್ದರು. ಕ್ಯಾಮೆರಾ ತಿರುಗುತ್ತಿದೆಯೆಂಬ ಅರಿವೇ ಇಲ್ಲದೆ, ತಲೆಯನ್ನು ಒಂದಿಷ್ಟು ಓರೆಮಾಡಿ, ದೂರದ ಕೋಣೆಯಲ್ಲಿ ಯಾರೋ ಹಾಡುತ್ತಿರುವುದನ್ನು ಆಲಿಸುವಂತೆ ತಮ್ಮನ್ನು ತಾವು ಕೇಳುತ್ತಿದ್ದರು. ಸ್ವರವೊಂದು ತಿರುವು ತೆಗೆದುಕೊಂಡಾಗ ಒಂದು ಹುಬ್ಬು ಸ್ವಲ್ಪವೇ ಮೇಲೇರಿ ಇಳಿಯಿತು.

“ಇದು ಆಗಲ್ಲ,” ಎಂದ ಮಾವ. “ಬಾಯಿ ಮುಚ್ಚಿದೆ. ಹಾಡು ಕೇಳಿಸ್ತಿರುತ್ತೆ, ಬಾಯಿ ಮುಚ್ಚಿರುತ್ತೆ. ನಮ್ಮ ಕಸುಬಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ ಪುಟ್ಟಿ. ಎಂಥ ಮುಖವನ್ನೂ ಹೀಗೆ ತೋರಿಸಿದವರಿಲ್ಲ.”

“ಇನ್ನೇನಿದೆ ಹೇಳಿ.”

ಅವಳು ಕತ್ತರಿ ಕೈಗೆ ತೆಗೆದುಕೊಂಡಳು. ದಿನಕ್ಕೆ ನೂರು ಸಲ ಮಾಡುವ ಕೆಲಸ. ಅಂದು ಫಿಲ್ಮನ್ನು ಎರಡು ಸಲ ಅಳೆದು ನೋಡಿ ಆಮೇಲೆ ಕತ್ತರಿಸಿದಳು. ತುಟಿ ತಪ್ಪಿದ ಸಾಲು ಬೇರೆಯಾಗಿ ಮೇಜಿನ ಪಕ್ಕದ ಬುಟ್ಟಿಗೆ ಜಾರಿತು. ಆ ಜಾಗಕ್ಕೆ ಬಾಲದ ತುಂಡನ್ನು ಕೂಡಿಸಿ, ಎರಡು ಕಡೆಯೂ ಅಂಟು ಹಾಕಿ ಒತ್ತಿ ಹಿಡಿದಳು.

ಮುಖ್ಯಸ್ಥ ಅದನ್ನು ನೋಡಿದಾಗ ಕಿಟಕಿಯ ಹೊರಗೆ ಬಿಸಿಲು ಇಳಿಯತೊಡಗಿತ್ತು. ಒಮ್ಮೆ ನೋಡಿ, ಇನ್ನೊಮ್ಮೆ ಹಾಕಿಸಿದ.

“ಮುಂದಿನದೆಲ್ಲ ಕೂಡಿದೆ. ಒಪ್ಪಿದೆ,” ಎಂದ. “ಆದರೆ ಆ ಸಾಲು. ಹಾಡು ಬರ್ತಿದೆ, ಬಾಯಿ ಮುಚ್ಚಿದೆ. ನೋಡೋರು ಪೆಟ್ಟಿಗೆ ಕೆಟ್ಟಿದೆ ಅಂತ ಎದ್ದು ಬಂದು ತಲೆಗೆ ತಟ್ತಾರೆ.”

“ಕೇಳ್ತಿದ್ದಾರೆ ಅಂತ ಗೊತ್ತಾಗುತ್ತೆ ಸರ್.”

“ಹಾಡೋನು ಹಾಡಬೇಕಮ್ಮ. ಕೇಳೋದು ನೋಡೋರ ಕೆಲಸ.”

“ಅವರು ಹಾಡ್ತಿಲ್ಲ ಅನ್ನೋದು ನಿಮಗೂ ಗೊತ್ತು. ಚೆಲುವನೂ ಹಾಡ್ತಿಲ್ಲ. ಇಲ್ಲಿ ಫಿಲ್ಮಲ್ಲಿ ಬಂದವರು ಯಾರೂ ಹಾಡಿಲ್ಲ. ಈ ಒಂದು ಸಾಲಲ್ಲಿ ಮಾತ್ರ ಸುಳ್ಳು ಹಾಡ್ತಿಲ್ಲ, ಅಷ್ಟೇ.”

ಮುಖ್ಯಸ್ಥ ಅವಳನ್ನು ದಿಟ್ಟಿಸಿ ನೋಡಿದ. ಆಮೇಲೆ ಗೋಡೆಯ ಗಡಿಯಾರ ನೋಡಿದ. “ಕೇಳಿ, ಒಂದು ಮಾಡೋಣ. ಎರಡೂ ಚಿತ್ರ ಎರಡು ಯಂತ್ರದಲ್ಲಿ ಒಟ್ಟಿಗೆ ಓಡಲಿ. ಧ್ವನಿ ಒಂದೇ. ಮೊದಲು ನಿಮ್ಮ ತಂದೆ. ಆ ಸಾಲು ಬಂದಾಗ ನನ್ನ ಬೆರಳು ಎರಡನೇ ಗುಂಡಿ ಮೇಲಿರುತ್ತೆ. ಸರಿ ಕಾಣ್ದಿದ್ರೆ ಒತ್ತುತೀನಿ. ಅಲ್ಲಿಂದ ಕೊನೇವರೆಗೂ ಚೆಲುವ.”

“ಹಾಡಿನ ಮಧ್ಯದಲ್ಲಿ?”

“ಮಧ್ಯದಲ್ಲೇ. ಬೇಡ ಅಂದ್ರೆ ಈಗಲೇ ಹೇಳಿ, ಮೊದಲಿಂದಲೇ ಚೆಲುವನ್ನ ಹಾಕ್ತೀನಿ. ಯಾರಿಗೂ ನೋವಿಲ್ಲ.”

ಅವನು ಹೋದ ಮೇಲೆ ಮಾವ ಅವಳ ತೋಳು ಹಿಡಿದ. “ಸುರುಳಿ ಕೊಡಬೇಡ ಪುಟ್ಟಿ. ಪೂರ್ತಿ ಚೆಲುವ ಬಂದ್ರೆ ಹೋಗಲಿ ಬಿಡು ಅಂತ ಭಾವ ನುಂಗಿಕೊಳ್ತಾರೆ. ಊಟದ ಮಧ್ಯದಲ್ಲಿ ತಟ್ಟೆ ಕಿತ್ಕೊಂಡ ಹಾಗೆ ಅರ್ಧಕ್ಕೆ ಎಬ್ಬಿಸಿ ಕಳಿಸಿದ್ರೆ, ಆ ಮನುಷ್ಯ ಮತ್ತೆ ಬೀದಿಗೆ ಇಳಿಯಲ್ಲ.”

ಅವನ ಮಾತಿನಲ್ಲಿ ಹುರುಳಿತ್ತು. ಅದು ತಿಳಿದೇ ಅವಳು ಸುರುಳಿಯನ್ನು ಡಬ್ಬಿಗೆ ಹಾಕಿ ಪ್ರೊಜೆಕ್ಟರಿನವರ ಕೈಗೆ ಕೊಟ್ಟು ಬಂದಳು.

ನಿಯಂತ್ರಣ ಕೋಣೆ ಇಕ್ಕಟ್ಟಾಗಿತ್ತು. ಗಾಜಿನ ಆಚೆ ನಿರೂಪಕಿ ಕೂದಲು ಸರಿಪಡಿಸಿಕೊಂಡು ಕೂತಿದ್ದಳು. ಈಚೆ ಸಾಲಾಗಿ ಮೂರು ಪುಟ್ಟ ಪರದೆಗಳು: ಒಂದರಲ್ಲಿ ಮನೆಮನೆಗೆ ಹೋಗುತ್ತಿರುವ ಚಿತ್ರ, ಉಳಿದೆರಡರಲ್ಲಿ ಎರಡು ಯಂತ್ರಗಳ ಚಿತ್ರ. ಮುಖ್ಯಸ್ಥ ನಡುವಿನ ಕುರ್ಚಿಯಲ್ಲಿ, ಅವನ ಪಕ್ಕದಲ್ಲಿ ಧ್ವನಿ ನೋಡಿಕೊಳ್ಳುವ ಸಹಾಯಕ. ಕತ್ತರಿಯಮ್ಮ ಅವರ ಬೆನ್ನ ಹಿಂದೆ ಗೋಡೆಗಾನಿ ನಿಂತಳು.

ನಿರೂಪಕಿ ಅಪ್ಪನ ಹೆಸರು ಹೇಳಿ, ಇಷ್ಟು ವರ್ಷ ಕೇಳಿದವರನ್ನು ಇಂದು ನೋಡಿ ಎಂದಳು. ಧ್ವನಿ ಹೊರಟಿತು. ಮುಖ್ಯಸ್ಥ ಒಂದನೆಯ ಗುಂಡಿ ಒತ್ತಿದ.

ಅಪ್ಪ ಬಂದರು. ಮೊದಲ ಚರಣ ಸಲೀಸಾಗಿ ಸಾಗಿತು. ಇನ್ನೊಂದು ಪರದೆಯ ಮೇಲೆ ಚೆಲುವನೂ ಅದೇ ಪದಗಳಿಗೆ ಅಷ್ಟೇ ಸೊಗಸಾಗಿ ಬಾಯಿ ಆಡಿಸುತ್ತಿದ್ದ. ಒಂದೇ ಧ್ವನಿಗೆ ಎರಡು ಬಾಯಿಗಳು ಅಕ್ಕಪಕ್ಕದಲ್ಲಿ ತೆರೆದು ಮುಚ್ಚುತ್ತಿದ್ದವು. ಕತ್ತರಿಯಮ್ಮ ಪರದೆಗಳನ್ನು ಬಿಟ್ಟು ಮುಖ್ಯಸ್ಥನ ಬೆರಳನ್ನು ನೋಡಿದಳು. ಪಲ್ಲವಿ ಮರಳಿ ಬಂತು. ಬೆರಳು ಎರಡನೆಯ ಗುಂಡಿಯ ಮೇಲೆ ಹೋಗಿ ಕೂತಿತು.

ಎರಡನೆಯ ಚರಣ.

ಅವಳು ಹಾಕಿದ ಅಂಟು ಪ್ರೊಜೆಕ್ಟರಿನ ಕಿಂಡಿಯನ್ನು ದಾಟುವಾಗ ಚಿತ್ರ ಒಮ್ಮೆ ಮಿಡುಕಿತು. ಅಪ್ಪನ ಮುಖ ಇದ್ದಕ್ಕಿದ್ದಂತೆ ಹತ್ತಿರಕ್ಕೆ ಬಂದು ಪರದೆಯನ್ನು ತುಂಬಿತು. ಬಾಯಿ ಮುಚ್ಚಿತ್ತು. ಧ್ವನಿ ಎಲ್ಲಿಂದಲೋ ಬರುತ್ತಿತ್ತು, ಆ ಮುಖ ಅದನ್ನು ಬರಮಾಡಿಕೊಳ್ಳುತ್ತಿತ್ತು.

“ಸರ್, ಎರಡಾ?” ಎಂದು ಸಹಾಯಕ ಕೇಳಿದ.

ಬೆರಳು ಅಲ್ಲಿಯೇ ಇತ್ತು. ಉಗುರಿನ ತುದಿ ಬೆಳ್ಳಗಾಗುವಷ್ಟು ಒತ್ತಡ ಅದರಲ್ಲಿದ್ದುದನ್ನು ಕತ್ತರಿಯಮ್ಮ ಕಂಡಳು.

“ಸರ್, ಬಾಯಿ ಮುಚ್ಚಿದೆ. ಎರಡು ಹಾಕ್ಲಾ?”

“ಸುಮ್ನಿರಯ್ಯ,” ಎಂದ ಮುಖ್ಯಸ್ಥ. “ಕೇಳ್ತಿದ್ದಾರೆ, ಕಾಣಲ್ವಾ?”

ಹುಬ್ಬು ಏರಿತು, ಇಳಿಯಿತು. ಸಾಲು ಮುಗಿಯಿತು. ಅಪ್ಪ ಮತ್ತೆ ಗೋಡೆಯ ಮುಂದೆ ನಿಂತು ಹಾಡುತ್ತಿದ್ದರು. ಸ್ವರವೂ ತುಟಿಯೂ ಮೊದಲಿನಂತೆಯೇ ಕೂಡಿದ್ದವು. ಮುಖ್ಯಸ್ಥ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ. ಹಾಡು ಮುಗಿಯುವ ಮೊದಲೇ ಪಕ್ಕದ ಕೋಣೆಯಲ್ಲಿ ಟೆಲಿಫೋನು ಹೊಡೆದುಕೊಳ್ಳಲಾರಂಭಿಸಿತು.

“ಅದನ್ನ ನಾನು ನೋಡ್ಕೋತೀನಿ,” ಎಂದ ಅವನು, ತಿರುಗಿ ನೋಡದೆ. “ನೀವು ಕೆಳಗೆ ಹೋಗಿ. ಅಲ್ಲಿ ನಿಮಗೆ ಕಾದಿರೋದೇ ಬೇರೆ.”

ಅವಳು ಎರಡೆರಡು ಮೆಟ್ಟಿಲು ಹಾರಿ ಕೆಳಗಿಳಿದಳು.

ಹಜಾರದಲ್ಲಿ ಪೆಟ್ಟಿಗೆಯ ಸುತ್ತ ನಾಲ್ಕಾರು ಜನ ಸೇರಿದ್ದರು. ವಾರ್ತೆಯವರ ವಾಹನದ ಚಾಲಕ, ನೆಲ ಒರೆಸುವ ಹೆಂಗಸು, ಯಾರನ್ನೋ ಕಾಯುತ್ತಿದ್ದ ಗಂಡಹೆಂಡತಿ. ಅವರೆಲ್ಲ ಈಗ ಪೆಟ್ಟಿಗೆಗೆ ಬೆನ್ನು ಹಾಕಿ, ಬೆಂಚಿನ ಮೇಲೆ ಕೂತಿದ್ದ ಅಪ್ಪನ ಕಡೆಗೆ ತಿರುಗಿದ್ದರು.

“ನೀವೇ ಅಲ್ವಾ ಸ್ವಾಮಿ,” ಎನ್ನುತ್ತಿದ್ದ ಚಾಲಕ. “ಮಧ್ಯಾಹ್ನದಿಂದ ಇಲ್ಲೇ ಕೂತಿದ್ದೀರಿ, ನನಗೆ ಗೊತ್ತೇ ಆಗಲಿಲ್ಲ. ಅಲ್ಲಾ, ಮಧ್ಯದಲ್ಲಿ ಬಾಯಿ ಮುಚ್ಕೊಂಡ್ರಲ್ಲ, ಯಾಕೆ? ಹಾಡು ನಿಂತೇಹೋಯ್ತೇನೋ ಅಂತ ನನ್ನ ಜೀವ ಬಾಯಿಗೆ ಬಂತು.”

ಅಪ್ಪ ತಲೆದೂಗಿದರು. ಇನ್ನೇನು ಎದ್ದು ನಡೆದುಬಿಡುತ್ತಾರೆ ಎಂದು ಕತ್ತರಿಯಮ್ಮ ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದಳು. ಅವರು ಏಳಲಿಲ್ಲ.

“ಮಾತಾಡಿ ಸ್ವಾಮಿ,” ಎಂದಳು ನೆಲ ಒರೆಸುವ ಹೆಂಗಸು. “ಆ ಧ್ವನಿ ಎದುರಿಗೆ ಕೇಳಬೇಕು ಅಂತ ನಮ್ಮಮ್ಮ ಆಸೆಪಟ್ಕೊಂಡೇ ಹೋದಳು.”

ಕತ್ತರಿಯಮ್ಮ ಬಾಯಿ ತೆರೆದಳು. ಅವರಿಗೆ ಮೈ ಸರಿಯಿಲ್ಲ ಎಂದೋ ಹೊತ್ತಾಯಿತು ಎಂದೋ ಏನಾದರೊಂದು ಹೇಳಬೇಕೆಂದಿದ್ದಳು. ಅಪ್ಪ ಕೈ ಎತ್ತಿ ಅವಳನ್ನು ತಡೆದರು.

“ಧ್ವನಿ ಹೋಗಿದೆ ತಾಯಿ,” ಎಂದರು.

ಆ ಪಿಸುದನಿ ಕೇಳಿಸುವುದಕ್ಕಾಗಿ ಎಲ್ಲರೂ ಒಂದು ಹೆಜ್ಜೆ ಮುಂದೆ ಬಾಗಿದರು. ಟೆಲಿಫೋನಿನ ಹೆಂಗಸು ಕಿವಿಗೆ ಹಾಕಿದ್ದನ್ನು ತೆಗೆದಿಟ್ಟಳು. ಗುಟ್ಟು ತಿಳಿದ ಕೆಲವರನ್ನು ಬಿಟ್ಟರೆ ಬೇರೆಯವರ ಕಿವಿಗೆ ಅದು ಬಿದ್ದದ್ದು ಅದೇ ಮೊದಲು. ಚಾಲಕನ ಮುಖದ ನಗು ಹಾಗೆಯೇ ನಿಂತು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮೆಲ್ಲನೆ ಇಳಿಯಿತು.

“ಒಂದು ವರ್ಷ ಆಯ್ತು,” ಎಂದು ಅಪ್ಪ ಮುಂದುವರಿಸಿದರು. “ನೀವು ಕೇಳಿದ್ದು ಅದಕ್ಕೂ ಮುಂಚಿನದು. ಮಧ್ಯದಲ್ಲಿ ನಾನೂ ನಿಮ್ಮ ಹಾಗೆ ಕೇಳ್ತಿದ್ದೆ.”

ನೆಲ ಒರೆಸುವ ಹೆಂಗಸು ಕೇಳಿದಳು: “ಹೇಗಿತ್ತು ಸ್ವಾಮಿ?”

ಅವರು ತಲೆಯನ್ನು ಒಂದಿಷ್ಟು ಓರೆಮಾಡಿದರು. “ಪರವಾಗಿಲ್ಲ. ಎರಡು ಕಡೆ ಅವಸರಪಟ್ಟಿದ್ದಾನೆ.”

ಚಾಲಕ ಮೊದಲು ನಕ್ಕ; ಅವನ ಹಿಂದೆ ಉಳಿದವರೂ ನಕ್ಕರು. ಅಪ್ಪ ಬೆಂಚಿನ ಅಂಚು ಹಿಡಿದು ಎದ್ದು ನಿಂತು ಮಗಳನ್ನು ನೋಡಿದರು. ಆ ನೋಟದಲ್ಲಿ ನಗುವಿರಲಿಲ್ಲ.

“ಕತ್ತರಿಸಿದೆ,” ಎಂದರು.

“ಹೂಂ ಅಪ್ಪ.”

“ಬೇಡ ಅಂದಿದ್ದೆ.”

“ಅಂದಿದ್ರಿ.”

ಅವರು ಅವಳ ಭುಜದ ಮೇಲೆ ಭಾರವಾಗಿ ಕೈಯಿಟ್ಟು ಬಾಗಿಲ ಕಡೆಗೆ ಹೆಜ್ಜೆ ಹಾಕಿದರು. “ನಡಿ, ಮನೆಗೆ ಹೋಗಿ ಜಗಳ ಆಡೋಣ. ಇಲ್ಲಿ ಜನ ಇದ್ದಾರೆ.”